ಸುರುಳಿಯಲ್ಲಿ ಬಾಗಿದ್ದು ಯಾವುದು?

ಪ್ರಶ್ನೆ: ಎಸ್‌ಎಸ್ 433 ಎಂಬ ಜೋಡಿ ಆಕಾಶಕಾಯಗಳಿಂದ ಹೊರಡುವ ಜೆಟ್ (ಅತಿವೇಗದಲ್ಲಿ ಚಿಮ್ಮುವ ದ್ರವ್ಯದ ಧಾರೆ) ತಿರುಪುಮೊಳೆಯ ಹಾಗೆ ಸುರುಳಿಯಾಗಿರುವ ರೇಡಿಯೊ ಚಿತ್ರ ನೋಡಿದೆ. ಅಷ್ಟು ವೇಗವಾಗಿ ಹೋಗುವ ದ್ರವ್ಯವನ್ನು ಹಾಗೆ ಬಾಗಿಸುವ ಶಕ್ತಿ ಯಾವುದು? ನೋಡಿದ ಕೂಡಲೇ ನಮ್ಮ ತೋಟದ ಸ್ಪ್ರಿಂಕ್ಲರ್ ನೆನಪಾಯಿತು.
– ಅಡಿಕೆ ಬೆಳೆಗಾರರೊಬ್ಬರು, ಶಿರಸಿ

ಉತ್ತರ: ನಿಮಗೆ ನೆನಪಾದದ್ದೇ ಉತ್ತರ. ಮುಂದಿನ ಸಲ ನೀರು ಬಿಟ್ಟಾಗ ಧರೆ ಹತ್ತಿ ಮೇಲಿನಿಂದ ನೋಡಿ. ನೀರಿನ ಎಳೆ ಬಳ್ಳಿಯಂತೆ ಬಳುಕುತ್ತದೆ. ಒಂದೇ ಹನಿಯ ಮೇಲೆ ಕಣ್ಣಿಟ್ಟರೆ ಅದು ಹೊರಟ ದಿಕ್ಕಿನಲ್ಲೇ ನೆಟ್ಟಗೆ ಹೋಗಿ ಬೀಳುತ್ತದೆ. ತಿರುಗುವುದು ಮೂತಿ ಮಾತ್ರ.

ಇದು ನನಗೆ ಮನದಟ್ಟಾದದ್ದು ಗ್ರಾಫ್ ಹಾಳೆಯ ಮೇಲೆ. ಎಸ್‌ಎಸ್ 433ರ ಜೆಟ್‌ನ ವೇಗ ಸೆಕೆಂಡಿಗೆ ಸುಮಾರು 78,000 ಕಿಲೊಮೀಟರ್, ಬೆಳಕಿನ ವೇಗದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಅದರ ಮೂತಿ ಬುಗುರಿಯ ಹಾಗೆ ತಲೆದೂಗುತ್ತ, ನಡು ಅಕ್ಷದಿಂದ 20 ಡಿಗ್ರಿ ಓರೆಯಾಗಿ, 162 ದಿನಕ್ಕೊಂದು ಸುತ್ತು ಹಾಕುತ್ತದೆ. ಹತ್ತು ದಿನಕ್ಕೊಂದು ದ್ರವ್ಯದ ಉಂಡೆ ಹೊರಟಿತೆಂದು ಇಟ್ಟುಕೊಂಡು, ಪ್ರತಿಯೊಂದಕ್ಕೂ ಸ್ಕೇಲ್ ಹಿಡಿದು ನೇರ ಗೆರೆ ಎಳೆದೆ; ಈ ಹೊತ್ತಿಗೆ ಅದು ತಲುಪಿರುವಲ್ಲಿ ಚುಕ್ಕೆ ಇಟ್ಟೆ. ಒಂದೂ ಗೆರೆ ಬಾಗಿರಲಿಲ್ಲ. ಚುಕ್ಕೆಗಳನ್ನು ಸೇರಿಸಿದರೆ, 1981ರಲ್ಲಿ ಅಮೆರಿಕದ ವೆರಿ ಲಾರ್ಜ್ ಅರೇ ರೇಡಿಯೊ ದೂರದರ್ಶಕದ ಚಿತ್ರಗಳಲ್ಲಿ ಕಂಡ ಅದೇ ಸುರುಳಿ! ಅವತ್ತಿನ ಸಂತೋಷ ಇನ್ನೂ ಆರಿಲ್ಲ. ಆ ಸುರುಳಿಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲ ಉಂಡೆ ಒಂದು ಲಕ್ಷ ಕೋಟಿ ಕಿಲೊಮೀಟರ್ ದಾಟಿರುತ್ತದೆ.

ಮೂತಿಯನ್ನು ತಿರುಗಿಸುವುದು ಯಾರು? ಅಲ್ಲಿರುವುದು ಜೋಡಿ. ಒಂದು ಭಾರೀ ನಕ್ಷತ್ರ. ಇನ್ನೊಂದು, ಕಪ್ಪುಕುಳಿ ಎಂದೇ ಹೆಚ್ಚಿನವರು ಎಣಿಸುವ ಪುಟ್ಟ ಕಾಯ. ಎರಡೂ 13 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ನಕ್ಷತ್ರದಿಂದ ಸೋರಿದ ಅನಿಲ ಪುಟ್ಟ ಕಾಯದ ಸುತ್ತ ತಟ್ಟೆಯಾಗಿ ಸುತ್ತುತ್ತದೆ, ಜೆಟ್ ಹೊರಡುವುದು ಆ ತಟ್ಟೆಯ ನಡುವಿನಿಂದ, ಎರಡೂ ಕಡೆಗೆ. ತಟ್ಟೆ ಓರೆಯಾಗಿರುವುದರಿಂದ ಜೊತೆಗಾರ ನಕ್ಷತ್ರದ ಸೆಳೆತ ಅದನ್ನು ತೂಗಾಡಿಸುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಸೂರ್ಯ ಚಂದ್ರರ ಸೆಳೆತದಿಂದ ನಮ್ಮ ಭೂಮಿಯ ಅಕ್ಷವೂ ಹೀಗೇ ತಲೆದೂಗುತ್ತದೆ, ಸುತ್ತಿಗೆ ಸುಮಾರು 26,000 ವರ್ಷ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳದೆ ಇರಲಾರೆ. ಚಿತ್ರವನ್ನು ಮತ್ತೆ ನೋಡಿ: ಎರಡು ಕಡೆಯ ಸುರುಳಿಗಳು ಸರಿಸಮ ಇಲ್ಲ. ಒಂದೇ ದಿನ ಹೊರಟ ಎರಡು ಉಂಡೆಗಳಲ್ಲಿ ಆಚೆ ಹೋಗುವುದರ ಬೆಳಕು ನಮ್ಮನ್ನು ಮುಟ್ಟಲು ಹೆಚ್ಚು ಹಾದಿ ಸವೆಸಬೇಕು. ಹಾಗಾಗಿ ಅದರ ಹಳೆಯ ರೂಪ, ಅಂದರೆ ಇನ್ನೂ ಕೇಂದ್ರಕ್ಕೆ ಹತ್ತಿರವಿದ್ದ ಹೊತ್ತಿನದು, ನಮಗೆ ಕಾಣುತ್ತದೆ. ಈಚೆ ಬರುವುದು ಮುಂದೆ ಹೋದಂತೆ ಕಾಣುತ್ತದೆ. ಈ ವ್ಯತ್ಯಾಸ ಎಷ್ಟೆಂದು ಅಳೆದರೆ ಬೆಳಕಿನ ವೇಗಕ್ಕೆ ಹೋಲಿಸಿ ಜೆಟ್‌ನ ವೇಗ ಸಿಗುತ್ತದೆ. ವೇಗ ಸಿಕ್ಕರೆ ಸುರುಳಿಯ ನಿಜವಾದ ಉದ್ದ. ಅದು ಆಕಾಶದಲ್ಲಿ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದರಿಂದ, ನಮ್ಮಿಂದ ಅದು ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ. 2004ರಲ್ಲಿ ವಿಜ್ಞಾನಿಗಳಾದ ಕ್ಯಾಥರೀನ್ ಬ್ಲಂಡೆಲ್ ಮತ್ತು ಮೈಕೆಲ್ ಬೌಲರ್ ಒಂದೇ ಒಂದು ರೇಡಿಯೊ ಚಿತ್ರದಿಂದ ಹೀಗೆ ಲೆಕ್ಕ ಹಾಕಿ ಸುಮಾರು 18,000 ಬೆಳಕಿನ ವರ್ಷ ಎಂದರು. ಒಂದು ಚಿತ್ರದಿಂದ ಇಷ್ಟು!

ಗರುಡ ನಕ್ಷತ್ರಪುಂಜದಲ್ಲಿ ಶ್ರವಣ ನಕ್ಷತ್ರ ಗುರುತಿಸಿಕೊಳ್ಳಿ. ಕೈ ಚಾಚಿ ಹಿಡಿದರೆ ಅದರಿಂದ ಪಶ್ಚಿಮಕ್ಕೆ ಸುಮಾರು ಒಂದು ಮುಷ್ಟಿಯಷ್ಟು ದೂರದಲ್ಲಿ ಎಸ್‌ಎಸ್ 433 ಇದೆ. ಬರಿಗಣ್ಣಿಗೆ ಕಾಣದು, ಜಾಗವನ್ನಂತೂ ನೋಡಬಹುದು.