ತಂಗಿಯ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟಿದೆ, ಕಲೆ ಬೀಳದಂತೆ ತೆಗೆಸಬಹುದೇ?

ಗಂಟು ಮೂರೂವರೆ ಸೆಂಟಿಮೀಟರ್ ಇದೆ, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂದಿದೆ, ಮದುವೆ ಮಾತು ನಡೀತಿರೋದರಿಂದ ಕಲೆ ಕಾಣಬಾರದು ಅಂತ ಬರೆದಿದ್ದೀರಿ. ಕಾಣದ ಹಾಗೆ ತೆಗೆಸಬಹುದು. ಮೂರು ವರ್ಷದ ಹಿಂದೆ ನಾನೇ ಬಾಯಿಯ ಮೂಲಕ ತೆಗೆಸಿಕೊಂಡೆ. ಆದರೆ ಕಲೆ ಕಾಣದ ಆಪರೇಷನ್ ಅಂದರೆ ಸಣ್ಣ ಆಪರೇಷನ್ ಅಂದುಕೊಂಡಿದ್ದೆ ನೋಡಿ, ಅದು ತಪ್ಪು.

ಕೆಳತುಟಿಯ ಒಳಗಡೆ ಮೂರು ಕಡೆ ಕೊಯ್ಯುತ್ತಾರೆ: ನಡುವಿನದು ಸುಮಾರು 10 ಮಿಲಿಮೀಟರ್, ಅಕ್ಕಪಕ್ಕದವು 5. ಅಲ್ಲಿಂದ ಗದ್ದ ದಾಟಿ ಚರ್ಮದಡಿಯಲ್ಲೇ ದಾರಿ ಬಿಡಿಸಿಕೊಂಡು ಕತ್ತಿಗೆ ಇಳಿಯುತ್ತಾರೆ. ಒಳಗೆ ಜಾಗವಾಗಲು ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಕತ್ತನ್ನೇ ನೇರ ಕೊಯ್ದರೆ ಗ್ರಂಥಿ ಅಲ್ಲೇ ಕೈಗೆ ಸಿಗುತ್ತದೆ; ಇದು ಸುತ್ತುದಾರಿ, ಹೊತ್ತೂ ಜಾಸ್ತಿ. ಪೂರ್ತಿ ಅರಿವಳಿಕೆ ತಪ್ಪಲಿಲ್ಲ, ಧ್ವನಿಯ ನರಕ್ಕೆ ಪೆಟ್ಟು ಬೀಳುವ ಭಯವೂ ತಪ್ಪಲಿಲ್ಲ. ಮೇಲಿಂದ ಗದ್ದ ಜೋಮು ಹಿಡಿಯಿತು. ಎರಡು ತಿಂಗಳು ಸಾರು ತುಟಿಯಿಂದ ಇಳಿದರೂ ನನಗೆ ತಿಳೀತಿರಲಿಲ್ಲ, ಎದುರು ಕೂತವರು ಹೇಳಬೇಕಿತ್ತು! ಬ್ಯಾಂಕಾಕ್‌ನ ಅಂಕೂನ್ ಅನುವೊಂಗ್ ಎಂಬ ಸರ್ಜನ್ 2016ರಲ್ಲಿ ತಮ್ಮ ಮೊದಲ 60 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಹರಡಿದ ವಿಧಾನವಿದು. ಹಾಗಾಗಿ ನಿಮ್ಮ ಡಾಕ್ಟರು ಇಂಥವು ಎಷ್ಟು ಮಾಡಿದ್ದಾರೆ ಅಂತ ಸಂಕೋಚವಿಲ್ಲದೆ ಕೇಳಿ.

ನಿಜಕ್ಕೂ ಚಿಕ್ಕ ಚಿಕಿತ್ಸೆ ಬೇರೆ ಇದೆ, ನನಗದು ಆಮೇಲೆ ಗೊತ್ತಾಯಿತು: ರೇಡಿಯೋಫ್ರೀಕ್ವೆನ್ಸಿ. ಕತ್ತಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತಾ ತೆಳ್ಳನೆಯ ಸೂಜಿ ಇಳಿಸಿ ಗಂಟನ್ನು ಒಳಗೇ ಸುಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಗಂಟು ಮಾಯವಾಗಲ್ಲ, ತಿಂಗಳುಗಟ್ಟಲೆ ಕುಗ್ಗುತ್ತಾ ವರ್ಷದೊಳಗೆ ಹೆಚ್ಚಿನವರಲ್ಲಿ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ತೆಗೆದು ಲ್ಯಾಬಿಗೆ ಕಳಿಸಲು ಏನೂ ಸಿಗುವುದಿಲ್ಲವಲ್ಲ, ಅದಕ್ಕೇ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಎರಡು ಸಲ ಮಾಡಿಸುತ್ತಾರೆ. ಆದರೆ ಇದರಲ್ಲಿ ಗ್ರಂಥಿ ಹಾಗೇ ಉಳಿಯುತ್ತದೆ. ನನಗೆ ಅರ್ಧ ಗ್ರಂಥಿ ಹೋಗಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ 50 ಮೈಕ್ರೋಗ್ರಾಂ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಬಂತು. ಗಂಟಿನ ತುಂಬ ನೀರೇ ಇದ್ದರೆ ಅದನ್ನು ಹೀರಿ ಆಲ್ಕೋಹಾಲ್ ಬಿಡುವುದೂ ಉಂಟು.

ಅಷ್ಟಕ್ಕೂ ಅವರಿಗೆ ನುಂಗಲು, ಉಸಿರಾಡಲು ಕಷ್ಟವಿದೆಯೇ? ನೀವು ಬರೆದಿಲ್ಲ. ಇಲ್ಲದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಸುಮ್ಮನಿರಬಹುದೇ ಅಂತ ಮೊದಲು ಕೇಳಿ.

ಹಳೇ ರೀತಿಯ ಕೊಯ್ತಕ್ಕೂ ಅಷ್ಟು ಹೆದರಬೇಡಿ. ಕತ್ತಿನ ಮಡಿಕೆಯಲ್ಲೇ ಕೊಯ್ಯುತ್ತಾರೆ. ನಮ್ಮ ಚಿಕ್ಕಮ್ಮನ ಕಲೆಯನ್ನು ಈಗ ಹುಡುಕಿಯೇ ನೋಡಬೇಕು. ತಂಗಿಯ ಕಿವಿ ಚುಚ್ಚಿದ ಜಾಗ ಗಂಟಿನ ಹಾಗೆ ಉಬ್ಬಿದೆಯೇ, ಅದನ್ನು ನೋಡಿ. ಉಬ್ಬಿದ್ದರೆ ಕತ್ತಿನ ಕಲೆಯೂ ಹಾಗೇ ಉಬ್ಬಬಹುದು. ಅಂಥವರು ಆ ಜೋಮು ಸಹಿಸಿಯಾದರೂ ಬಾಯಿಯ ದಾರಿ ಹಿಡಿಯುವುದು ತಕ್ಕುದೇ.