ಕಾರಿನ ಬ್ಯಾಟರಿ ವಾರಂಟಿ ಅವಧಿಯೊಳಗೇ ಪದೇಪದೇ ಡೌನ್ ಆಗುತ್ತಿದೆ, ಹೊಸದು ಸಿಗುತ್ತದೆಯೇ?

20 ತಿಂಗಳ ಹಿಂದೆ ಹಾಕಿಸಿದ ಬ್ಯಾಟರಿ, ಮನೆಯಿಂದಲೇ ಕೆಲಸ, ಕಾರು ಹೊರಬೀಳುವುದು ಭಾನುವಾರ ಮಾರುಕಟ್ಟೆಗೆ ಮಾತ್ರ, ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು ಎಂದು ಬರೆದಿದ್ದೀರಿ. ಅಂಗಡಿಯವರು ಎರಡು ಸಲ ಚಾರ್ಜ್ ಮಾಡಿ ‘ಸರಿಯಿದೆ’ ಎಂದು ವಾಪಸ್ ಕೊಟ್ಟಿದ್ದಾರೆ. ವಾಹನಗಳ ಎಲೆಕ್ಟ್ರಿಕಲ್ ಕೆಲಸವೇ ನನ್ನ ಕಸುಬು. ನಿಮ್ಮ ವಿವರ ನೋಡಿದರೆ ಬ್ಯಾಟರಿಗೆ ಕಾಯಿಲೆಗಿಂತ ಹಸಿವೇ ಹೆಚ್ಚಾಗಿರುವಂತಿದೆ. ವಾರಂಟಿ ಕೇಳುವ ಮೊದಲು ಅದನ್ನು ತೀರ್ಮಾನಿಸಿಕೊಳ್ಳಿ.

ನಿಂತ ಕಾರೂ ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಡಿಯಾರ, ಸೆಂಟ್ರಲ್ ಲಾಕ್, ಅಲಾರಂ ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ತುಂಬಿರುವ ಚಾರ್ಜಿನ ಅಳತೆ) ಹೋಯಿತು. ನಿಮ್ಮದರಂಥ 35 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ವಾರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಮಾರುಕಟ್ಟೆಗೆ ಹೋಗಿಬಂದರೆ ಆ ನಷ್ಟ ತುಂಬುವುದಿಲ್ಲ. ಹೀಗೆ ಅರೆಬರೆ ಚಾರ್ಜಿನಲ್ಲೇ ಇಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಮರಳುವುದಿಲ್ಲ. ಇದನ್ನು ಕಂಪನಿಗಳು ತಯಾರಿಕೆಯ ದೋಷವೆಂದು ಒಪ್ಪುವುದಿಲ್ಲ.

ಒಂದು ಸಾದಾ ಮಲ್ಟಿಮೀಟರ್ ಕೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಚಾಲೂ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ತೋರಿಸಬೇಕು. ಎಂಜಿನ್ ಓಡುತ್ತಿದ್ದರೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಅಥವಾ ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಇಲ್ಲವಾದರೆ ಹೊಸ ಬ್ಯಾಟರಿಗೂ ಇದೇ ಗತಿ.

ಇನ್ನೊಂದು ಪರೀಕ್ಷೆಯಿದೆ, ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ಟರ್ಮಿನಲ್ ಕಳಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆಯೂ 12.6 ಹಿಡಿದುಕೊಂಡಿದ್ದರೆ ಅನುಮಾನ ಕಾರಿನ ಕಡೆಗೆ ತಿರುಗಬೇಕು. ಲೋಡ್ ಟೆಸ್ಟ್, ಅಂದರೆ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಪರೀಕ್ಷೆ ಒಂದು ಮಾಡಿಸಿದರೆ ಖಚಿತವಾಗುತ್ತದೆ. ಕಳಚಿಟ್ಟ ಬ್ಯಾಟರಿ ಬೆಳಿಗ್ಗೆಯ ಹೊತ್ತಿಗೆ 10.5 ವೋಲ್ಟಿನ ಸುತ್ತ ಇಳಿದಿದ್ದರೆ ಒಂದು ಸೆಲ್ ಸತ್ತಿದೆ ಎಂದರ್ಥ. ಒಳಗೆ ತಲಾ 2.1 ವೋಲ್ಟಿನ ಆರು ಸೆಲ್‌ಗಳಿರುತ್ತವೆ, ಅದರಲ್ಲಿ ಒಂದು ಹೋದಾಗ ಉಳಿಯುವ ಲೆಕ್ಕ ಇದು. ಆಗ ಧೈರ್ಯವಾಗಿ ವಾರಂಟಿ ಕೇಳಿ.

ನಿಮ್ಮ ವಾರಂಟಿ ಕಾರ್ಡಿನಲ್ಲಿ 30+25 ಎಂದಿದೆಯಲ್ಲ, ಅದರ ಅರ್ಥ ಮೊದಲ 30 ತಿಂಗಳು ಉಚಿತ ಬದಲಾವಣೆ, ನಂತರದ 25 ತಿಂಗಳು ಬೆಲೆಯಲ್ಲಿ ರಿಯಾಯಿತಿ ಮಾತ್ರ. ನೀವಿನ್ನೂ ಮೊದಲ ಭಾಗದಲ್ಲೇ ಇದ್ದೀರಿ. ಬದಲಿಸಿಕೊಟ್ಟ ಬ್ಯಾಟರಿಗೆ ಸಾಮಾನ್ಯವಾಗಿ ಹಳೆಯದರ ಉಳಿದ ಅವಧಿಯಷ್ಟೇ ವಾರಂಟಿ. ‘ಸರಿಯಿದೆ’ ಎಂಬ ಬಾಯಿಮಾತನ್ನು ದಯವಿಟ್ಟು ಒಪ್ಪಬೇಡಿ. ವೋಲ್ಟೇಜ್, ಲೋಡ್ ಟೆಸ್ಟ್ ಫಲಿತಾಂಶ, ದಿನಾಂಕ, ಬ್ಯಾಟರಿಯ ಸೀರಿಯಲ್ ನಂಬರ್ ಇಷ್ಟನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಆಯೋಗಕ್ಕೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಇಷ್ಟು ಸಣ್ಣ ಮೊತ್ತದ ಖರೀದಿಗೆ ಶುಲ್ಕವಿಲ್ಲ.

ಅಂಗಡಿಯಲ್ಲಿ ಒಂದೆರಡು ಗಂಟೆಯಲ್ಲಿ ಚಾರ್ಜ್ ಮುಗಿಸಿದರೇ ಎಂದು ಕೇಳಿ ನೋಡಿ. ಅವಸರದ ಚಾರ್ಜಿನಲ್ಲಿ ವೋಲ್ಟೇಜ್ ಮೇಲ್ನೋಟಕ್ಕೆ ಏರುತ್ತದೆ, ಪ್ಲೇಟುಗಳು ಬಿಸಿಯಾಗುತ್ತವೆ, ಒಳಗೆ ತುಂಬುವುದು ಕಡಿಮೆ. ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ ನಿಮ್ಮದಕ್ಕೆ 3.5 ಆಂಪಿಯರ್‌ನಂತೆ ಹತ್ತು ಹನ್ನೆರಡು ಗಂಟೆ ಕೊಡಬೇಕು. ಮನೆಯಲ್ಲೇ ಮಾಡುವುದಾದರೆ ಗಾಳಿಯಾಡುವ ಜಾಗದಲ್ಲಿ ಮಾಡಿ. ಹೈಡ್ರೋಜನ್ ಹೊರಬರುವುದರಿಂದ ಬೆಂಕಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಮೊದಲು ಕ್ಲಿಪ್ ಹಾಕಿ, ಆಮೇಲೆ ಸ್ವಿಚ್ ಒತ್ತಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಖಂಡಿತ ಬೇಡ.

ನಿಂತಲ್ಲೇ ಎಂಜಿನ್ ಹತ್ತು ನಿಮಿಷ ಓಡಿಸುವುದರಿಂದ ಹೆಚ್ಚೇನೂ ಆಗದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಟರ್ಮಿನಲ್ ಕಳಚಿಟ್ಟ ಮರುದಿನ ಬೆಳಿಗ್ಗೆ ಎಷ್ಟು ವೋಲ್ಟ್ ಬಂತು ಎಂದು ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.