ಪ್ರಾಗ್‌ಗೆ ಹೋಗ್ತಿದ್ದೇವೆ, ಶುಲ್ಕ ಇಲ್ಲದ ಎಟಿಎಂ ಯಾವುದು?

ನೀವು ಕೇಳಿರುವುದನ್ನೇ ನಾನೂ ಹೊರಡುವ ಮುಂಚೆ ಸಿಕ್ಕವರಿಗೆಲ್ಲ ಕೇಳಿದ್ದೆ. ಯುರೋ ತುಂಬಿದ ಫಾರೆಕ್ಸ್ ಕಾರ್ಡ್ ಇದೆ, ಜೊತೆಗೊಂದು ಡೆಬಿಟ್ ಕಾರ್ಡ್ ಇದೆ. ಪ್ರಾಗ್‌ನಲ್ಲಿ ಶುಲ್ಕ ತೆಗೆದುಕೊಳ್ಳದ ಎಟಿಎಂ ಹುಡುಕಿ, ಪ್ರವಾಸದ ಖರ್ಚಿಗೆಲ್ಲ ಒಂದೇ ಸಲ ನಗದು ತೆಗೆದಿಟ್ಟುಕೊಂಡರೆ ಆಯ್ತಲ್ವಾ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಶುಲ್ಕವಿಲ್ಲದ ಎಟಿಎಂ ನನಗೆ ಸಿಕ್ಕಿತು ಕೂಡ. ಆ ಪ್ರವಾಸದಲ್ಲಿ ನಾನು ಸುಮ್ನೆ ಕಳೆದುಕೊಂಡ ದುಡ್ಡೆಲ್ಲ ಹೋಗಿದ್ದು ಅಲ್ಲೇ.

ವೆನ್ಸೆಸ್ಲಾಸ್ ಚೌಕದ ಕೆಳತುದಿಯಿಂದ ನಾ ಪ್ರಿಕೊಪೆ ಅಂತ ಒಂದು ರಸ್ತೆ ಹೋಗುತ್ತದೆ. ಬ್ಯಾಂಕುಗಳ ರಸ್ತೆ ಅದು, ಚೆಕ್ ನ್ಯಾಷನಲ್ ಬ್ಯಾಂಕಿನ ಮುಖ್ಯ ಕಚೇರಿಯೂ ಅಲ್ಲೇ. ಸಂಜೆ ಅಲ್ಲಿ ಒಂದು ಬ್ಯಾಂಕಿನ ಗೋಡೆಯಲ್ಲಿದ್ದ ಎಟಿಎಂಗೆ ಕಾರ್ಡ್ ಹಾಕಿದೆ. ವಿದೇಶಿ ಕಾರ್ಡ್ ಆದ್ದರಿಂದ ನೂರು ಚಿಲ್ಲರೆ ಕೊರುನ (ಚೆಕ್ ದೇಶದ ಹಣ) ಶುಲ್ಕ ಹಿಡಿಯುತ್ತೇವೆ, ಒಪ್ಪಿಗೆಯಾ ಅಂತ ಪರದೆ ಕೇಳಿತು. ನೇರವಾಗಿ, ಮೊದಲೇ, ಸ್ಪಷ್ಟವಾಗಿ ಕೇಳಿತು. ನಾನು ಬೇಡ ಅಂದು ಕಾರ್ಡ್ ವಾಪಸ್ ತೆಗೆದುಕೊಂಡೆ.

ಅಲ್ಲಿಂದ ಹಳೇ ಪಟ್ಟಣದ ಚೌಕದ ಕಡೆ ನಡೆದೆ. 1410ರ ಆ ಖಗೋಳ ಗಡಿಯಾರ ನೋಡಲು ಜನ ಕತ್ತೆತ್ತಿ ನಿಲ್ಲುವ ಜಾಗ ಗೊತ್ತಲ್ವಾ, ಅದಕ್ಕೆ ಹತ್ತಿರದ ಒಂದು ಓಣಿಯಲ್ಲಿ ಎರಡು ಉಡುಗೊರೆ ಅಂಗಡಿಗಳ ನಡುವೆ ಇನ್ನೊಂದು ಎಟಿಎಂ ಇತ್ತು. ಅದರ ಮೇಲೆ ಯಾವ ಬ್ಯಾಂಕಿನ ಹೆಸರೂ ಇರಲಿಲ್ಲ. ಕಾರ್ಡ್ ಹಾಕಿದೆ. ಮೊದಲ ಪರದೆಯಲ್ಲಿ ದೊಡ್ಡ ದೊಡ್ಡ ಮೊತ್ತಗಳೇ ಇದ್ದವು. ಸಣ್ಣ ಮೊತ್ತ ಬೇಕಾದರೆ ಮೂಲೆಯಲ್ಲಿದ್ದ 'ಅದರ್ ಅಮೌಂಟ್' ಒತ್ತಬೇಕು. ನಾನು 6000 ಕೊರುನ ಅಂತ ಒತ್ತಿದೆ. ಶುಲ್ಕದ ಜಾಗದಲ್ಲಿ ಸೊನ್ನೆ ಇತ್ತು. ಹುಡುಕಿದ್ದು ಸಿಕ್ಕಿತು ಅಂತ ಖುಷಿಯಾಯಿತು.

ಆಮೇಲೆ ಬಂದ ಪರದೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇದೆ.

6000 ಕೊರುನ ಅಂದರೆ ಇಷ್ಟು ರೂಪಾಯಿ ಅಂತ ಪೈಸೆ ಸಮೇತ ಬರೆದಿತ್ತು. ಪಕ್ಕದಲ್ಲಿ ವಿನಿಮಯ ದರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಾರ್ಕಪ್, ಅಂದರೆ ನಿಜವಾದ ದರದ ಮೇಲೆ ಅವರು ಸೇರಿಸುವ ಹೆಚ್ಚುವರಿ, ಶೇ. 12 ಅಂತ ಇತ್ತು. ಅದನ್ನು ನಾನು ಗಮನಿಸಿದ್ದು ಆಮೇಲೆ ರಸೀದಿಯಲ್ಲಿ. ಕೆಳಗೆ ಎರಡು ಆಯ್ಕೆ. ಒಂದು 'ಆಕ್ಸೆಪ್ಟ್ ಕನ್ವರ್ಷನ್', ಅಂದರೆ ಇಲ್ಲೇ ರೂಪಾಯಿಗೆ ಬದಲಾಯಿಸಲು ಒಪ್ಪಿಗೆ, ಹಸಿರು ಬಣ್ಣದಲ್ಲಿ, ಎದ್ದು ಕಾಣುವ ಹಾಗೆ. ಇನ್ನೊಂದು 'ಡಿಕ್ಲೈನ್ ಕನ್ವರ್ಷನ್', ಅಂದರೆ ಬದಲಾಯಿಸುವುದು ಬೇಡ, ಮಂಕು ಬಣ್ಣದಲ್ಲಿ. ಡಿಕ್ಲೈನ್ ಅಂದರೆ ಹಣವೇ ಬರುವುದಿಲ್ಲವೇನೋ, ವ್ಯವಹಾರವೇ ರದ್ದಾಗುತ್ತದೇನೋ ಅಂತ ನನಗೆ ಅನ್ನಿಸಿತು. ಹಿಂದೆ ಇಬ್ಬರು ಕಾಯುತ್ತಿದ್ದರು. ರೂಪಾಯಿಯಲ್ಲಿ ಎಷ್ಟು ಅಂತ ಈಗಲೇ ಗೊತ್ತಾದರೆ ಒಳ್ಳೆಯದೇ ಅಲ್ವಾ, ಶುಲ್ಕವೂ ಇಲ್ಲ ಅಂದುಕೊಂಡು ಹಸಿರನ್ನು ಒತ್ತಿದೆ.

ರೂಮಿಗೆ ಬಂದು ಫೋನಿನಲ್ಲಿ ಆ ದಿನದ ದರ ನೋಡಿ ಲೆಕ್ಕ ಹಾಕಿದೆ. ಕೈಗೆ ಬಂದಿದ್ದು 6000 ಕೊರುನ. ಖಾತೆಯಿಂದ ಹೋಗಿದ್ದು 6700 ಕೊರುನಕ್ಕೂ ಮೀರಿದ ಬೆಲೆಯ ರೂಪಾಯಿ. ನೂರು ಚಿಲ್ಲರೆ ಶುಲ್ಕಕ್ಕೆ ಹೆದರಿ ಒಂದು ಒಳ್ಳೆಯ ಎಟಿಎಂ ಬಿಟ್ಟು ಬಂದು, ಶುಲ್ಕವೇ ಇಲ್ಲದ ಯಂತ್ರಕ್ಕೆ ಏಳುನೂರು ಕೊಟ್ಟಿದ್ದೆ. ಊರಿಗೆ ಬಂದು ಸ್ಟೇಟ್‌ಮೆಂಟ್ ನೋಡಿದರೆ ನನ್ನ ಬ್ಯಾಂಕು ಅದರ ಮೇಲೆ ತನ್ನ ವಿದೇಶಿ ವ್ಯವಹಾರದ ಶುಲ್ಕವನ್ನೂ ಹಾಕಿತ್ತು. ದೂರು ಕೊಟ್ಟೆ. ನೀವೇ ಒಪ್ಪಿ ಒತ್ತಿದ್ದೀರಿ, ಮೊತ್ತ ನಮಗೆ ರೂಪಾಯಿಯಲ್ಲೇ ಬಂದಿದೆ, ಏನೂ ಮಾಡಲು ಬರುವುದಿಲ್ಲ ಅಂದರು. ಬೇಜಾರಾದರೂ ಅವರು ಹೇಳಿದ್ದು ನಿಜವೇ.

ಒಳಗೆ ನಡೆಯುವುದು ಇಷ್ಟು. ನೀವು ಕನ್ವರ್ಷನ್ ಬೇಡ ಅಂದರೆ, ಎಟಿಎಂ ನಿಮ್ಮ ಬ್ಯಾಂಕಿಗೆ 6000 ಕೊರುನ ಕೊಟ್ಟಿದ್ದೇನೆ ಅಂತ ಮಾತ್ರ ಹೇಳುತ್ತದೆ. ಅದನ್ನು ರೂಪಾಯಿಗೆ ಬದಲಾಯಿಸುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್. ಅವರ ದರ ಮಾರುಕಟ್ಟೆ ದರಕ್ಕೆ ತುಂಬಾ ಹತ್ತಿರ ಇರುತ್ತದೆ, ಯಾವ ದಿನ ಬೇಕಾದರೂ ಅವರ ಸೈಟಿನಲ್ಲಿ ನೋಡಬಹುದು. ಅದರ ಮೇಲೆ ನಿಮ್ಮ ಬ್ಯಾಂಕು ತನ್ನ ಮಾರ್ಕಪ್ ಸೇರಿಸುತ್ತದೆ. ಆ ಮಾರ್ಕಪ್ ಎಷ್ಟು ಅಂತ ಹೊರಡುವ ಮುಂಚೆಯೇ ತಿಳಿದುಕೊಳ್ಳಬಹುದು. ಕನ್ವರ್ಷನ್ ಬೇಕು ಅಂದರೆ ದರ ಹಾಕುವವರು ಆ ಯಂತ್ರದ ಕಡೆಯವರು. ಎಷ್ಟು ಬೇಕಾದರೂ ಹಾಕಬಹುದು, ಯಾಕೆಂದರೆ ಒಪ್ಪುವವರು ನೀವು. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಡಿಸಿಸಿ. ಶುಲ್ಕ ಸೊನ್ನೆ ಅಂತ ಬರೆಯಲು ಅವರಿಗೆ ಸಾಧ್ಯವಾಗುವುದೇ ಇದರಿಂದ. ಸಂಪಾದನೆಯೆಲ್ಲ ದರದಲ್ಲಿದೆ.

ಕನ್ವರ್ಷನ್ ಬೇಡ ಅಂದರೂ ಹಣ ಬಂದೇ ಬರುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ. ಬೇಡ ಅನ್ನುವ ಆಯ್ಕೆ ಕೊಡಲೇಬೇಕು ಅನ್ನುವುದು ಕಾರ್ಡ್ ಕಂಪನಿಗಳದ್ದೇ ನಿಯಮ. ಕೆಲವು ಯಂತ್ರಗಳು ಬೇಡ ಅಂದ ಮೇಲೂ ಇನ್ನೊಂದು ಪರದೆ ತೋರಿಸುತ್ತವೆ. ದರಕ್ಕೆ ಖಾತರಿ ಇರುವುದಿಲ್ಲ, ನಿಮ್ಮ ಬ್ಯಾಂಕು ಎಷ್ಟು ಹಿಡಿಯುತ್ತದೋ ಗೊತ್ತಿಲ್ಲ, ನಿಜವಾಗಿಯೂ ಬೇಡವಾ ಅಂತ. ಅಲ್ಲಿಯೂ ಬೇಡ ಅನ್ನಿ. ಖಾತರಿ ಅಂದರೆ ಕಡಿಮೆ ದರ ಅಂತಲ್ಲ, ಈ ದುಬಾರಿ ದರವೇ ಖಾಯಂ ಅಂತ. ಪರದೆಯಲ್ಲಿ ರೂಪಾಯಿ ಕಂಡರೆ ಅದು ನಿಮಗೆ ಬೇಡದ ಆಯ್ಕೆ, ಕೊರುನ ಕಂಡರೆ ಬೇಕಾದ ಆಯ್ಕೆ. ಬಣ್ಣ ನೋಡಬೇಡಿ, ಹಿಂದೆ ಯಾರು ಕಾಯುತ್ತಿದ್ದಾರೆ ಅಂತಲೂ ನೋಡಬೇಡಿ. ಅರ್ಧ ನಿಮಿಷ ನಿಂತು ಓದಿ.

ಹಾಗಾದರೆ ಯಾವ ಎಟಿಎಂ? ಬ್ಯಾಂಕಿನದ್ದೇ ಆಗಿರಬೇಕು, ಆದಷ್ಟು ಬ್ಯಾಂಕಿನ ಕಟ್ಟಡದಲ್ಲೇ ಇರಬೇಕು. ಚೆಸ್ಕಾ ಸ್ಪೊರಿಟೆಲ್ನಾ, ಕೊಮೆರ್ಚ್ನಿ ಬಾಂಕಾ, ಚೆಎಸ್ಓಬೆ (ČSOB) ಇವೆಲ್ಲ ಅಲ್ಲಿನ ದೊಡ್ಡ ಬ್ಯಾಂಕುಗಳು, ಊರೆಲ್ಲ ಶಾಖೆಗಳಿವೆ. ಎಟಿಎಂಗೆ ಅಲ್ಲಿ ಬಾಂಕೋಮಾಟ್ ಅನ್ನುತ್ತಾರೆ. ಬ್ಯಾಂಕಿನ ಯಂತ್ರವೂ ಶುಲ್ಕ ಕೇಳಬಹುದು, ಕನ್ವರ್ಷನ್ ಕೂಡ ಮುಂದಿಡಬಹುದು. ಶುಲ್ಕ ಒಪ್ಪಿಕೊಳ್ಳಿ, ಕನ್ವರ್ಷನ್ ಒಪ್ಪಿಕೊಳ್ಳಬೇಡಿ. ಸೊನ್ನೆ ಶುಲ್ಕದ ಯಂತ್ರ ಹುಡುಕಿಕೊಂಡು ಅರ್ಧ ದಿನ ಅಲೆಯುವುದು ದಂಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಶುಲ್ಕ ಒಂದು ಸಲಕ್ಕೆ ಇಷ್ಟು ಅಂತ ಇರುತ್ತದೆ, ತೆಗೆಯುವ ಮೊತ್ತ ಹೆಚ್ಚಿದರೂ ಅದು ಹೆಚ್ಚುವುದಿಲ್ಲ. ದರದ ಹೊಡೆತ ಹಾಗಲ್ಲ, ತೆಗೆದಷ್ಟೂ ಬೆಳೆಯುತ್ತದೆ. ಹಾಗಂತ ದಿನಾ 500 ಕೊರುನ ತೆಗೆಯಬೇಡಿ, ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ.

ಆದರೆ 'ಬೇಕಾದಷ್ಟು' ಎಷ್ಟು ಅನ್ನುವುದರಲ್ಲೇ ನಿಮ್ಮ ಲೆಕ್ಕ ತಪ್ಪಿದೆ ಅಂತ ನನಗೆ ಅನ್ನಿಸುತ್ತದೆ. ಪ್ರಾಗ್‌ನಲ್ಲಿ ಪ್ರವಾಸದ ಖರ್ಚಿಗೆಲ್ಲ ನಗದು ಬೇಡವೇ ಬೇಡ. ವಿಮಾನ ನಿಲ್ದಾಣದಲ್ಲಿ ಟಿಕೆಟ್ ಯಂತ್ರ ಕಾರ್ಡ್ ತೆಗೆದುಕೊಳ್ಳುತ್ತದೆ, ಮೆಟ್ರೋದಲ್ಲೂ ಹಾಗೇ. ಟ್ರಾಮ್ ಒಳಗೇ ಒಂದು ಯಂತ್ರ ಇದೆ, ಅದಕ್ಕೆ ಕಾರ್ಡ್ ಮುಟ್ಟಿಸಿದರೆ ಟಿಕೆಟ್ ಬರುತ್ತದೆ. ನಾಣ್ಯ ಹಾಕುತ್ತೇನೆ ಅಂದರೂ ಅದು ತೆಗೆದುಕೊಳ್ಳುವುದಿಲ್ಲ. ಕೋಟೆ, ಮ್ಯೂಸಿಯಂ, ಸೂಪರ್‌ಮಾರ್ಕೆಟ್, ಬಹುಪಾಲು ಹೋಟೆಲುಗಳು ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ನಗದು ಬೇಕಾಗುವುದು ಸಣ್ಣ ಪಬ್ಬುಗಳಲ್ಲಿ, ಶನಿವಾರ ನದಿ ದಂಡೆಯ ನಾಪ್ಲಾವ್ಕಾದಲ್ಲಿ ಸೇರುವ ರೈತರ ಸಂತೆಯ ಕೆಲವು ಅಂಗಡಿಗಳಲ್ಲಿ, ಸಾರ್ವಜನಿಕ ಶೌಚಾಲಯಕ್ಕೆ, ಟಿಪ್ಸ್‌ಗೆ. ಅಪಾರ್ಟ್‌ಮೆಂಟ್ ಬುಕ್ ಮಾಡಿದ್ದರೆ ಇನ್ನೊಂದು. ನಗರದವರು ಪ್ರವಾಸಿಗರಿಗೆ ತಂಗುವ ತೆರಿಗೆ ಹಾಕುತ್ತಾರೆ, 2022ರಿಂದ ಒಬ್ಬರಿಗೆ ಒಂದು ರಾತ್ರಿಗೆ 50 ಕೊರುನ. ಕೆಲವು ಮನೆ ಮಾಲೀಕರು ಇದನ್ನು ನಗದಾಗಿಯೇ ಕೇಳುತ್ತಾರೆ. ಇವೆಲ್ಲ ಸೇರಿಸಿದರೂ ದೊಡ್ಡ ಮೊತ್ತ ಆಗುವುದಿಲ್ಲ.

ತೆಗೆಯುವಾಗ ನೋಟಿನ ಬಗ್ಗೆಯೂ ಯೋಚಿಸಿ. ನನಗೆ ಬಂದಿದ್ದು ಮೂರು ಎರಡು ಸಾವಿರದ ನೋಟು, ಗಾಯಕಿ ಎಮಾ ಡೆಸ್ಟಿನೋವಾ ಚಿತ್ರ ಇರುವಂಥದ್ದು. ಒಂದು ಕಾಫಿ ಕುಡಿದು ಅದನ್ನು ಕೊಟ್ಟರೆ ಅಂಗಡಿಯಾಕೆ ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು. 4000 ಬದಲು 3900 ಅಂತ ಒತ್ತಿ ನೋಡಿ, ಸಣ್ಣ ನೋಟು ಇರುವ ಯಂತ್ರವಾದರೆ ಒಂದಷ್ಟು ಚಿಲ್ಲರೆ ಸಿಗುತ್ತದೆ.

ಯುರೋ ಕಾರ್ಡ್ ವಿಷಯಕ್ಕೆ ಬರೋಣ. ಚೆಕ್ ದೇಶ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು, ಹಣ ಮಾತ್ರ ಇವತ್ತಿಗೂ ಕೊರುನ. ಯುರೋ ತುಂಬಿದ ಕಾರ್ಡಿನಿಂದ ಕೊರುನ ತೆಗೆದರೆ ಕಾರ್ಡಿನವರು ಅಡ್ಡ ಕರೆನ್ಸಿ ಶುಲ್ಕ ಅಂತ ಹಾಕುತ್ತಾರೆ. ರೂಪಾಯಿ ಕೊಟ್ಟು ಯುರೋ ಕೊಳ್ಳುವಾಗ ಒಂದು ಸಲ ಕಳೆದುಕೊಂಡಿರಿ, ಯುರೋದಿಂದ ಕೊರುನಕ್ಕೆ ಹೋಗುವಾಗ ಇನ್ನೊಂದು ಸಲ. ಆ ಕಾರ್ಡ್ ಹಾಕಿದಾಗ ಯಂತ್ರ ರೂಪಾಯಿ ಬದಲು ಯುರೋದಲ್ಲಿ ಕನ್ವರ್ಷನ್ ಮುಂದಿಡುತ್ತದೆ, ಅದಕ್ಕೂ ಮೋಸ ಹೋಗಬೇಡಿ. ವಿಯೆನ್ನಾ, ಬರ್ಲಿನ್ ಕಡೆಗೂ ಹೋಗುವುದಿದ್ದರೆ ಯುರೋ ಕಾರ್ಡನ್ನು ಅಲ್ಲಿಗೆ ಇಟ್ಟುಕೊಳ್ಳಿ. ಪ್ರಾಗ್‌ಗೆ ಮಾರ್ಕಪ್ ಇಲ್ಲದ ಅಥವಾ ಕಡಿಮೆ ಇರುವ ಡೆಬಿಟ್ ಕಾರ್ಡ್ ಒಂದು ಮಾಡಿಸಿಕೊಳ್ಳಿ, ಅದರಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಎಟಿಎಂನಿಂದ ತೆಗೆಯಲು ಶುಲ್ಕ ಎಷ್ಟು ಅಂತ ಕೇಳಿಕೊಳ್ಳಿ. ಎಟಿಎಂ ಹುಡುಕಲು ಕಳೆಯುವ ಸಮಯವನ್ನು ಕಾರ್ಡ್ ಆರಿಸಲು ಕೊಡಿ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಲೇಬೇಡಿ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಇದೇ ಕನ್ವರ್ಷನ್ ಅಂಗಡಿ, ಹೋಟೆಲುಗಳ ಕಾರ್ಡ್ ಯಂತ್ರದಲ್ಲೂ ಬರುತ್ತದೆ. ಒಮ್ಮೊಮ್ಮೆ ವೇಟರೇ ನಿಮ್ಮ ಪರವಾಗಿ ರೂಪಾಯಿ ಅಂತ ಒತ್ತಿಬಿಡುತ್ತಾರೆ. ಕಾರ್ಡ್ ಕೊಡುವ ಮುಂಚೆಯೇ ಕೊರುನದಲ್ಲಿ ಹಾಕಿ ಅಂತ ಹೇಳಿ. ರಸೀದಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು, ರದ್ದು ಮಾಡಿ ಮತ್ತೆ ಹಾಕಲು ಕೇಳಿ. ಇದಕ್ಕೆ ಸಂಕೋಚ ಬೇಡ.

ಎಟಿಎಂ ಬೇಡ, ನೋಟು ಒಯ್ದು ಅಲ್ಲೇ ಬದಲಾಯಿಸುತ್ತೇನೆ ಅನ್ನುವವರೂ ಇದ್ದಾರೆ. ವಿನಿಮಯ ಅಂಗಡಿಗೆ ಅಲ್ಲಿ ಸ್ಮೆನಾರ್ನಾ ಅಂತ ಬೋರ್ಡ್ ಇರುತ್ತದೆ. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಅವರು ಯುರೋ ಮಾರುವ ದರ ಇರಬಹುದು. ನಿಮಗೆ ಬೇಕಾದ್ದು ಅವರು ಕೊಳ್ಳುವ ದರ. ಹಣ ಕೈಯಿಂದ ಬಿಡುವ ಮುಂಚೆ ನನಗೆ ಎಷ್ಟು ಕೊರುನ ಬರುತ್ತದೆ ಅಂತ ಬರೆಸಿಕೊಳ್ಳಿ. ಮೋಸ ಆಯಿತು ಅನ್ನಿಸಿದರೆ ಅಲ್ಲಿ ಒಂದು ಒಳ್ಳೆಯ ಕಾನೂನಿದೆ. 2019ರ ಏಪ್ರಿಲ್‌ನಿಂದ, 1000 ಯುರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ವಾಪಸ್ ಹೋಗಿ ರದ್ದು ಮಾಡಿಸಬಹುದು. ರಸೀದಿ ಕೈಯಲ್ಲಿರಲಿ. ಎಟಿಎಂನಲ್ಲಿ ಒತ್ತಿದ ಬಟನ್‌ಗೆ ಇಂಥ ಅವಕಾಶ ಇಲ್ಲ, ಅದಕ್ಕೇ ನಾನು ಅದರ ಬಗ್ಗೆ ಇಷ್ಟು ಬರೆದಿದ್ದು. ಬೀದಿಯಲ್ಲಿ ಹತ್ತಿರ ಬಂದು ಒಳ್ಳೆಯ ದರ ಕೊಡುತ್ತೇನೆ ಅನ್ನುವವರ ಜೊತೆ ಮಾತಿಗೇ ನಿಲ್ಲಬೇಡಿ. ಬೆಲೆಯಿಲ್ಲದ ಬೇರೆ ದೇಶದ ನೋಟು ಕೈಗಿಟ್ಟು ಹೋಗುತ್ತಾರೆ.

ಉಳಿದ ಕೊರುನವನ್ನು ಊರಿಗೆ ತರಬೇಡಿ, ಇಲ್ಲಿ ಅದಕ್ಕೆ ಒಳ್ಳೆಯ ದರ ಸಿಗುವುದಿಲ್ಲ, ನಾಣ್ಯವನ್ನಂತೂ ಯಾರೂ ತೆಗೆದುಕೊಳ್ಳುವುದಿಲ್ಲ. ಕೊನೆಯ ದಿನ ಹೋಟೆಲಿನ ಬಿಲ್ಲಿಗೆ ಇರುವಷ್ಟು ನಗದನ್ನು ಕೊಟ್ಟು, ಮಿಕ್ಕಿದ್ದನ್ನು ಕಾರ್ಡಿನಿಂದ ಹಾಕಿ ಅಂತ ಕೇಳಿ. ಕೌಂಟರಿನವರು ಸಾಮಾನ್ಯವಾಗಿ ಒಪ್ಪುತ್ತಾರೆ. ಆಗಲೂ ಯಂತ್ರದಲ್ಲಿ ಕೊರುನವನ್ನೇ ಆರಿಸಿ.